ಲೀಟರಿಗೆ ಎಷ್ಟು ಕೊಡುತ್ತೆ?

ಹೊಸ ಗಾಡಿ ಮನೆ ಮುಂದೆ ಬಂದು ನಿಂತರೆ ನಮ್ಮ ಕಡೆ ಮೊದಲು ಕೇಳುವುದು ಬೆಲೆಯನ್ನಲ್ಲ. ಬೆಲೆ ಎರಡನೆಯದು. ಸಾಲ ಎಲ್ಲಿ ಎತ್ತಿದ ಎನ್ನುವುದು ಮೂರನೆಯದು, ಅದೂ ಅವನು ಅತ್ತ ಹೋದ ಮೇಲೆ. ಮೊದಲನೆಯದು ಯಾವುದೆಂದು ನಿಮಗೇ ಗೊತ್ತು. ನಮ್ಮ ಬೀದಿಯ ಹುಡುಗ ಬೊಲೆರೊ ಪಿಕಪ್ ತಂದ ದಿನ, ಒಡೆದ ಬೂದುಗುಂಬಳದ ಚೂರು ಇನ್ನೂ ರಸ್ತೆಯಲ್ಲೇ ಬಿದ್ದಿತ್ತು; ಆಗಲೇ ಯಾರೋ ಕೇಳಿಬಿಟ್ಟರು. ಅವನು ಬಾಯಿ ತೆರೆಯುವಷ್ಟರಲ್ಲಿ ಜಗಲಿಯಲ್ಲಿದ್ದವರೆಲ್ಲ ತಂತಮ್ಮ ಗಾಡಿಗಳ ಮೈಲೇಜು ಒಪ್ಪಿಸಿದರು. ಗಮನಿಸಿದ್ದೀರಾ? ಇಂಥ ಮಾತಿನಲ್ಲಿ ಕಡೆಗೆ ಹೇಳುವವನ ಗಾಡಿಯೇ ಎಲ್ಲಕ್ಕಿಂತ ಹೆಚ್ಚು ಕೊಡುತ್ತದೆ.

ಹುಡುಗನ ಬಾಡಿಗೆ ಕೋಲಾರದ ಎಪಿಎಂಸಿಗೆ, ಟೊಮೆಟೊ. ಗಾಡಿ ಹೊರುವ ಭಾರ ಕಂಪನಿಯ ಲೆಕ್ಕದಲ್ಲಿ 1700 ಕೆ.ಜಿ. ಹದಿನೈದು ಕೆ.ಜಿ.ಯ ಬಾಕ್ಸ್ ಹಿಡಿದರೆ ನೂರಾ ಹದಿಮೂರು. ಖಾಲಿ ಕ್ರೇಟಿನ ತೂಕ ಸೇರಿಸಿದರೆ ಅಷ್ಟೂ ಇಲ್ಲ. ಆದರೆ ಟೊಮೆಟೊ ಬೆಲೆ ಏರಿದ ದಿನ ಯಾವ ರೈತ ‘ಸಾಕು, ಮಿಕ್ಕಿದ್ದು ನಾಳೆಗಿರಲಿ’ ಅಂದಾನು? ಅದಕ್ಕೇ ಹಿಂದಿನ ಸ್ಪ್ರಿಂಗಿಗೆ ಇನ್ನೊಂದು ಪ್ಲೇಟ್ ಸೇರಿಸುವುದು, ಪಕ್ಕದ ಕಟ್ಟನ್ನು ಮೊಳದಷ್ಟು ಎತ್ತರಿಸುವುದು. ಕಾನೂನು ಇದೆ ಸ್ವಾಮಿ. 2019ರ ತಿದ್ದುಪಡಿಯಾದ ಮೇಲೆ ಗಾಡಿಯನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸಿದ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ ಬೀಳಬಹುದು, ಆರು ತಿಂಗಳವರೆಗೆ ಜೈಲೂ ಆಗಬಹುದು. ಹಾಗಾದರೆ ರಸ್ತೆಯ ಮೇಲೆ ಅಷ್ಟೊಂದು ಎತ್ತರದ ಗಾಡಿಗಳು ಹೇಗೆ ಓಡಾಡುತ್ತವೆ ಅಂತ ನನ್ನನ್ನು ಕೇಳಬೇಡಿ.

ಭಾರ ಏರಿದರೆ ಏರು ಹತ್ತಲು ದಮ್ಮು ಬೇಕಲ್ಲ? ಅದಕ್ಕೊಂದು ಬಾಕ್ಸ್ ಬಂದಿದೆ. ಟೊಮೆಟೊದ್ದಲ್ಲ, ಟ್ಯೂನಿಂಗ್ ಬಾಕ್ಸ್. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಎರಡು ವೈರು. ಈಗಿನ ಡೀಸೆಲ್ ಎಂಜಿನ್ನಿಗೆ ಎಷ್ಟು ಎಣ್ಣೆ ಬಿಡಬೇಕೆಂದು ನಿರ್ಧರಿಸುವುದು ಒಳಗಿನ ಕಂಪ್ಯೂಟರು. ಕೊಳವೆಯಲ್ಲಿ ಡೀಸೆಲ್ ಒತ್ತಡ ಎಷ್ಟಿದೆ ಎಂದು ಸೆನ್ಸರೊಂದು ಅದಕ್ಕೆ ವರದಿ ಕೊಡುತ್ತಿರುತ್ತದೆ. ಈ ಬಾಕ್ಸ್ ನಡುವೆ ಕೂತು ಇರುವುದಕ್ಕಿಂತ ಕಡಿಮೆ ಹೇಳುತ್ತದೆ. ಮದುವೆ ಪಂಕ್ತಿಯಲ್ಲಿ ಹೋಳಿಗೆಯನ್ನು ಎಲೆಯಡಿ ಮುಚ್ಚಿಟ್ಟು ‘ನನಗಿನ್ನೂ ಬಂದೇ ಇಲ್ಲ’ ಅನ್ನುವವರಿದ್ದಾರಲ್ಲ, ಹಾಗೆ. ಕಂಪ್ಯೂಟರು ಪಾಪ, ಮತ್ತೆ ಬಡಿಸುತ್ತದೆ. ದಮ್ಮು ಬರುವುದು ನಿಜ. ಆದರೆ ಅದೇ ಪೆಟ್ಟಿಗೆಯ ಮೇಲೆ ‘ಮೈಲೇಜೂ ಹೆಚ್ಚು’ ಅಂತ ಬರೆದಿರುತ್ತದೆ ನೋಡಿ, ಅಲ್ಲಿ ನನಗೆ ಕೆಮ್ಮು ಬರುತ್ತದೆ. ಬಾಕ್ಸ್ ಹಾಕಿಸಿದ್ದು ಗೊತ್ತಾದರೆ ಕಂಪನಿಯವರು ವಾರಂಟಿಗೆ ಕೈ ಎತ್ತಿಬಿಡಬಹುದು, ಅದು ಬೇರೆ ಮಾತು.

ಇಂಥ ಆಸೆ ನಮ್ಮೊಬ್ಬರದೇ ಅಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಧನ ಉಳಿಸುತ್ತೇವೆನ್ನುವ ನೂರಕ್ಕೂ ಹೆಚ್ಚು ಸಾಧನಗಳನ್ನು ಪರೀಕ್ಷೆಗೆ ಹಚ್ಚಿತ್ತು. ಉಪಯೋಗಕ್ಕೆ ಬಂದವು ಬೆರಳೆಣಿಕೆಯಷ್ಟು. ಇನ್ನು ನಮ್ಮ ನೆರೆಯ ತಮಿಳುನಾಡಿನ ರಾಮರ್ ಪಿಳ್ಳೈ ನೆನಪಿದೆಯೆ? 1996ರಲ್ಲಿ ಗಿಡಮೂಲಿಕೆಯಿಂದ ಪೆಟ್ರೋಲ್ ತೆಗೆಯುತ್ತೇನೆಂದು ದೇಶವನ್ನೇ ಬೆರಗುಗೊಳಿಸಿದ. ದೊಡ್ಡ ದೊಡ್ಡ ವಿಜ್ಞಾನಿಗಳೂ ಕೂತು ನೋಡಿದರು. ಇಪ್ಪತ್ತು ವರ್ಷ ಕಳೆದು 2016ರಲ್ಲಿ ಚೆನ್ನೈ ನ್ಯಾಯಾಲಯ ಅವನಿಗೆ ಮೂರು ವರ್ಷ ಶಿಕ್ಷೆ ಕೊಟ್ಟಿತು. ಇಂದಿಗೂ ಅವನದು ನಿಜವೇ, ತೈಲ ಕಂಪನಿಗಳೇ ತುಳಿದವು ಎನ್ನುವವರು ಪ್ರತಿ ಜಗಲಿಯಲ್ಲೂ ಒಬ್ಬರಿದ್ದಾರೆ. ನಮ್ಮಲ್ಲಿ ಇಬ್ಬರು.

ಎಲ್ಲಿದ್ದೆವು? ಹಾಂ, ಹಿಂದಿನ ಬಾಗಿಲು. ಅದನ್ನಿನ್ನೂ ಹೇಳೇ ಇಲ್ಲ ಅಲ್ಲವೆ? ಮಂಡಿಯಿಂದ ಖಾಲಿ ಬರುವಾಗ ಹಿಂದಿನ ಬಾಗಿಲು ಇಳಿಬಿಟ್ಟರೆ ಗಾಳಿ ಸಲೀಸಾಗಿ ಹೋಗುತ್ತದೆ, ಡೀಸೆಲ್ ಉಳಿಯುತ್ತದೆ ಎಂದು ಹುಡುಗನ ವಾದ. ಕೇಳಲು ಎಷ್ಟು ಸರಿ! ‘ಮಿತ್‌ಬಸ್ಟರ್ಸ್’ ಎಂಬ ಟಿ.ವಿ. ಕಾರ್ಯಕ್ರಮದವರು ಎರಡು ಪಿಕಪ್‌ಗಳಿಗೆ ಫುಲ್ ಟ್ಯಾಂಕ್ ಹಾಕಿಸಿ ಒಂದರ ಬಾಗಿಲು ಮುಚ್ಚಿ, ಇನ್ನೊಂದರದು ಇಳಿಸಿ ಓಡಿಸಿದರು. ಮೊದಲು ನಿಂತದ್ದು ಬಾಗಿಲು ಇಳಿಸಿದ ಗಾಡಿ. ಮುಚ್ಚಿದ್ದರೆ ತೊಟ್ಟಿಯೊಳಗಿನ ಗಾಳಿ ಅಲ್ಲೇ ಸುತ್ತುತ್ತ ಮೆತ್ತೆಯಾಗಿ ನಿಲ್ಲುತ್ತದೆ, ಮೇಲಿನ ಗಾಳಿ ಅದರ ಮೇಲೆ ಜಾರಿಕೊಂಡು ಹೋಗುತ್ತದೆ.

ಗಾಳಿಗೆ ಅಂಜಬೇಕಾದದ್ದು ವೇಗದಲ್ಲಿ. ಅರವತ್ತರಲ್ಲಿ ಹೋಗುವವನು ಎಂಬತ್ತಕ್ಕೆ ಏರಿಸಿದರೆ ಗಾಳಿಯ ತಡೆ ಹೆಚ್ಚುಕಡಿಮೆ ಒಂದೂ ಮುಕ್ಕಾಲು ಪಟ್ಟಾಗುತ್ತದೆ. ಇನ್ನು ಟೈರು: ಎಷ್ಟು ಗಾಳಿ ಇರಬೇಕೆಂದು ಗಾಡಿಯ ಪುಸ್ತಕದಲ್ಲೇ ಅಚ್ಚಾಗಿದೆ. ಆ ಪುಸ್ತಕ ಪ್ಲಾಸ್ಟಿಕ್ ಕವರಿನಿಂದ ಈಚೆ ಬಂದದ್ದನ್ನು ನಾನಂತೂ ಕಂಡಿಲ್ಲ.

ಹುಡುಗ ಎಲ್ಲ ಕೇಳಿಸಿಕೊಂಡ. ಬಾಕ್ಸಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಹಾಡಿನ ಸೆಟ್ ಹಾಕಿಸಿದ. ಅದರಿಂದ ಒಂದು ಹನಿ ಡೀಸೆಲ್ಲೂ ಉಳಿಯುವುದಿಲ್ಲ. ಉಳಿಸುತ್ತೇನೆಂದು ಅದರ ಪೆಟ್ಟಿಗೆಯ ಮೇಲೆ ಬರೆದೂ ಇಲ್ಲ.