ಅಜ್ಜನ ಕೋವಿ

ಎಲೆಕ್ಷನ್ ಬಂತು ಅಂದ್ರೆ ನಮ್ಮ ಮಲೆನಾಡಲ್ಲಿ ತೋಟದ ಕೋವಿಗಳೆಲ್ಲ ಪೊಲೀಸ್ ಸ್ಟೇಷನ್ ಸೇರ್ತವೆ. 2024ರ ಲೋಕಸಭಾ ಚುನಾವಣೆ ಮುಗಿದು ಅಜ್ಜನ ಕೋವಿ ವಾಪಸ್ ಬಂದಾಗ ಮಳೆ ಶುರುವಾಗಿತ್ತು. ನಳಿಗೆ ತುಂಬ ತುಕ್ಕು. ಅಷ್ಟರಲ್ಲಿ ಮಂಗಗಳು ಬಾಳೆಗೊನೆ ಮುಗಿಸಿದ್ವು.

ಅವತ್ತೇ ಅಜ್ಜ ನಂಗೆ ಕ್ಲೀನ್ ಮಾಡೋದು ಹೇಳ್ಕೊಟ್ಟಿದ್ದು. ಮೊದಲು ಕೋವಿ ಮಡಚಿ, ಒಳಗೆ ತೋಟಾ ಇಲ್ಲ ಅಂತ ಬೆರಳು ಹಾಕಿ ನೋಡ್ಬೇಕು. "ಕಣ್ಣಲ್ಲಿ ನೋಡಿದ್ದು ಸಾಲ್ದು ಮಾರಾಯ." ಆಮೇಲೆ ಗಜಕ್ಕೆ ಹಳೇ ಪಂಚೆ ಚೂರು ಸುತ್ತಿ, ಎಣ್ಣೆ ಹಚ್ಚಿ, ಹಿಂದಿನಿಂದ ತಳ್ಳೋದು. ಬಟ್ಟೆ ಬೆಳ್ಳಗೆ ಬರೋವರೆಗೂ ಬಿಡೋ ಹಾಗಿಲ್ಲ. ಬೆಳಕಿಗೆ ಹಿಡಿದು ನೋಡಿದ್ರೆ ಒಳಗೆಲ್ಲ ಉಂಗುರ ಉಂಗುರವಾಗಿ ಹೊಳೀಬೇಕು. ವರ್ಕ್‌ಶಾಪ್ ಲ್ಯಾಬಲ್ಲಿ ಯಾರೂ ಇಷ್ಟು ತಾಳ್ಮೆಯಿಂದ ಹೇಳ್ಕೊಟ್ಟಿಲ್ಲ, ಬಿಡಿ.

ಬೇಟೆಗಲ್ಲ, ಅದಕ್ಕೆ 1972ರ ವನ್ಯಜೀವಿ ಕಾಯ್ದೆ ಬಿಡಲ್ಲ. ಒಂದು ಈಡಿನ ಸದ್ದಿಗೆ ಮಂಗಗಳು ಪಕ್ಕದ ತೋಟಕ್ಕೆ ಓಡ್ತವೆ, ಅಷ್ಟೇ. (ಪಕ್ಕದವರೂ ಹೊಡೀತಾರೆ, ವಾಪಸ್ ಬರ್ತವೆ.)

ಈ ರಜೆಯಲ್ಲಿ ಅಜ್ಜನ ಕೈ ನಡುಗ್ತಿತ್ತು, ಗಜ ನಾನೇ ಹಿಡಿದೆ. "ಲೈಸೆನ್ಸ್ ನಿನ್ನ ಹೆಸರಿಗೆ ಮಾಡ್ಸಣ" ಅಂದ್ರು.

"21 ಆಗ್ಬೇಕು ಅಜ್ಜ, ನಂಗಿನ್ನೂ 19."

"ಎರಡು ವರ್ಷ ತಾನೆ, ಕಾಯ್ತೀನಿ."

ಎರಡು ವರ್ಷಕ್ಕೆ ನಂಗೆ ಪ್ಲೇಸ್‌ಮೆಂಟ್. ಅದನ್ನ ಹೇಳ್ಲಿಲ್ಲ. ಗಜಕ್ಕೆ ಬೇರೆ ಬಟ್ಟೆ ಸುತ್ತಿದೆ.