ವೈ ನದಿಯ ದಂಡೆಯ ಒಂದು ಚಹದ ಕರೆ

ಇಂಗ್ಲೆಂಡನ್ನೂ ವೇಲ್ಸನ್ನೂ ಬೇರ್ಪಡಿಸುವ ಗಡಿರೇಖೆಯು ಹೇ-ಆನ್-ವೈ ಎಂಬ ಪುಟ್ಟ ಪಟ್ಟಣದ ಮಗ್ಗುಲಿಗೆ ಬಂದಾಗ ಒಂದು ಹಳ್ಳವಾಗಿ ಹರಿಯುತ್ತದೆ. ಆ ಹಳ್ಳದ ಹೆಸರು ಡುಲಾಸ್. ಈಚೆಯ ದಂಡೆಯ ಪೇಟೆ ವೇಲ್ಸಿಗೆ ಸೇರಿದುದು. ಆಚೆಯ ದಂಡೆಯಲ್ಲಿ ಮರಗಳ ನಡುವೆ ಹರಡಿಕೊಂಡಿರುವ ಕ್ಯೂಸಪ್ ಎಂಬ ಹಳ್ಳಿ ಇಂಗ್ಲೆಂಡಿನದು. ಒಂದು ಕಟ್ಟು ರೊಟ್ಟಿ ಕೊಳ್ಳಬೇಕಾದರೂ ಹಳ್ಳಿಯವರು ದೇಶ ದಾಟುತ್ತಾರೆ. ತಲಪಾಡಿಯ ಗಡಿಯನ್ನು ಬಸ್ಸಿನಲ್ಲಿ ದಾಟಿ ಮಂಗಳೂರಿನ ಪೇಟೆಗೆ ಹೋಗಿಬರುವ ನಮಗೆ ಇದರಲ್ಲಿ ವಿಸ್ಮಯಪಡುವಂಥದೇನೂ ಇಲ್ಲ. ವೇಲ್ಸಿನ ಕಡೆಯ ಫಲಕಗಳಲ್ಲಿ ಎರಡು ಭಾಷೆಗಳಿವೆ ಎಂಬುದನ್ನು ಮಾತ್ರ ನಾನು ಕೊಂಚ ಹೊತ್ತು ನಿಂತು ನೋಡಿದೆ. ವೇಲ್ಸ್ ನುಡಿಯಲ್ಲಿ ಊರಿನ ಹೆಸರಿಗೆ ತೋಪು ಎಂಬ ಅರ್ಥವಂತೆ. ಅಕ್ಷರಗಳನ್ನು ಕೂಡಿಸಿ ಓದಿದರೆ ‘ಗೆಲ್ಲಿ’ ಎಂದಾಗುತ್ತದೆ. ಅವರ ಉಚ್ಚಾರವೇ ಬೇರೆಯಾದರೂ ಕನ್ನಡದ ಕಣ್ಣಿಗೆ ಅದೊಂದು ಆಶೀರ್ವಾದದಂತೆ ಕಂಡಿತು.

ಬ್ರಿಸ್ಟಲ್ ನಗರದಲ್ಲಿ ಉದ್ಯೋಗದಲ್ಲಿರುವ ನನ್ನ ತಂಗಿಯ ಮಗ ಏಪ್ರಿಲ್ ತಿಂಗಳ ಒಂದು ಶನಿವಾರ ನನ್ನನ್ನು ಅಲ್ಲಿಗೆ ಕರೆದೊಯ್ದದ್ದು ಪುಸ್ತಕಗಳ ಆಸೆ ತೋರಿಸಿ. ಎರಡು ಸಾವಿರದ ಸುತ್ತಿನ ಜನಸಂಖ್ಯೆಯ ಈ ಊರಿನಲ್ಲಿ ಹಳೆಯ ಪುಸ್ತಕದ ಅಂಗಡಿಗಳು ಬೀದಿಗೆ ನಾಲ್ಕಾರರಂತೆ ಇವೆ. ಇದಕ್ಕೆ ಮೂಲಪುರುಷ ರಿಚರ್ಡ್ ಬೂತ್ ಎಂಬಾತ. 1960ರ ದಶಕದ ಆರಂಭದಲ್ಲಿ ಆತ ಇಲ್ಲಿ ಮೊದಲ ಅಂಗಡಿ ತೆರೆದ; 1977ರ ಏಪ್ರಿಲ್ 1ರಂದು ಹೇ ಸ್ವತಂತ್ರ ರಾಜ್ಯವೆಂದೂ ತಾನೇ ಅದರ ಅರಸನೆಂದೂ ಸಾರಿದ; ತನ್ನ ಕುದುರೆಯನ್ನು ಪ್ರಧಾನಮಂತ್ರಿಯನ್ನಾಗಿ ನೇಮಿಸಿದ. 2019ರಲ್ಲಿ ಆತ ತೀರಿಕೊಂಡ. ಕೋಟೆಯ ಗೋಡೆಯ ಬುಡದಲ್ಲಿ ಕಾವಲಿಲ್ಲದ ಕಪಾಟುಗಳಿವೆ. ಬೇಕಾದ ಪುಸ್ತಕ ತೆಗೆದುಕೊಂಡು ಹಣವನ್ನು ಪೆಟ್ಟಿಗೆಗೆ ಹಾಕಿ ಹೋಗಬೇಕು. ಇಂಥ ಪ್ರಾಮಾಣಿಕತೆಯ ಊರಿನಲ್ಲಿ ಒಂದು ಅಂಗಡಿಯ ಪತ್ತೇದಾರಿ ಕಾದಂಬರಿಗಳ ಮುಂದೆ ನಾನು ಮೈಮರೆತು ನಿಂತಿದ್ದೆ. ಎನ್. ನರಸಿಂಹಯ್ಯನವರ ಪುರುಷೋತ್ತಮನ ಸಾಹಸಗಳನ್ನು ಭೂಗೋಳದ ಪುಸ್ತಕದೊಳಗೆ ಬಚ್ಚಿಟ್ಟು ಓದಿದ ತಲೆಮಾರಿನವನಲ್ಲವೇ ನಾನು!

“ಮಾವ, ಕಟ್ಟುಕಥೆ ಯಾಕೆ? ಆ ಬೀದಿಯಲ್ಲೇ ನಿಜವಾದದ್ದು ನಡೆದಿದೆ,” ಎಂದು ಅಳಿಯ ಕಿಟಕಿಯಾಚೆ ಬೆರಳು ತೋರಿಸಿದ.

ಅದು ಬ್ರಾಡ್ ಸ್ಟ್ರೀಟ್, ಎಂದರೆ ಅಗಲಬೀದಿ. ಗಡಿಯಾರದ ಗೋಪುರವೊಂದನ್ನು ಬಿಟ್ಟರೆ ಎದ್ದುಕಾಣುವಂಥದೇನೂ ಅಲ್ಲಿಲ್ಲ. 1921ರಲ್ಲಿ ಈ ಬೀದಿಯಲ್ಲಿ ಇಬ್ಬರು ವಕೀಲರ ಕಚೇರಿಗಳು ಎದುರುಬದುರಾಗಿ ಇದ್ದವು. ಊರಿಗೆ ಇದ್ದುದೇ ಆ ಎರಡು ವಕೀಲಿ ಕಚೇರಿಗಳು. ಒಂದು ಹರ್ಬರ್ಟ್ ರೌಸ್ ಆರ್ಮ್‌ಸ್ಟ್ರಾಂಗನದು. ಕೇಂಬ್ರಿಜಿನಲ್ಲಿ ಓದಿದವನು; ಕೃಶವಾದ ಕುಳ್ಳಗಿನ ದೇಹ, ಮೊನಚು ಮೀಸೆ. ಮೊದಲ ಮಹಾಯುದ್ಧದಲ್ಲಿ ಸೈನ್ಯದ ಹುದ್ದೆಯಲ್ಲಿದ್ದುದರಿಂದ ಎಲ್ಲರೂ ತನ್ನನ್ನು ಮೇಜರ್ ಎಂದೇ ಕರೆಯಬೇಕೆಂಬುದು ಅವನ ಅಪೇಕ್ಷೆ. ಊರಿನ ಮ್ಯಾಜಿಸ್ಟ್ರೇಟರ ಪೀಠಕ್ಕೆ ಕಾನೂನು ತಿಳಿಸುವ ಕ್ಲಾರ್ಕ್ ಹುದ್ದೆಯೂ ಅವನದೇ. ಎದುರು ಕಚೇರಿಯಲ್ಲಿ ಕುಳಿತವನು ಓಸ್ವಾಲ್ಡ್ ಮಾರ್ಟಿನ್, ವಯಸ್ಸಿನಲ್ಲಿ ಕಿರಿಯ, ವ್ಯವಹಾರದಲ್ಲಿ ಏರುತ್ತಿದ್ದವನು. ಈತನ ಮಾವ, ಎಂದರೆ ಹೆಂಡತಿಯ ತಂದೆ, ಜಾನ್ ಡೇವಿಸ್ ಊರಿನ ಔಷಧದ ಅಂಗಡಿಯವನು. ಈ ಸಂಬಂಧವನ್ನು ವಾಚಕರು ನೆನಪಿಟ್ಟುಕೊಳ್ಳಬೇಕು.

ಒಂದು ಜಮೀನಿನ ಕ್ರಯದಲ್ಲಿ ಇಬ್ಬರು ವಕೀಲರಿಗೂ ಬಿರುಸು ಉಂಟಾಗಿತ್ತು. ಮಾರುವವರ ಪಕ್ಷಕ್ಕೆ ಆರ್ಮ್‌ಸ್ಟ್ರಾಂಗ್, ಕೊಳ್ಳುವವರ ಪಕ್ಷಕ್ಕೆ ಮಾರ್ಟಿನ್. ಮುಂಗಡದ ಹಣ ಆರ್ಮ್‌ಸ್ಟ್ರಾಂಗನ ಕೈಸೇರಿ ವರ್ಷ ಕಳೆದರೂ ಪತ್ರವಾಗಲಿಲ್ಲ. ಕಡೆಗೆ ಅಕ್ಟೋಬರ್ 20ರೊಳಗೆ ಮುಗಿಸಬೇಕು, ಇಲ್ಲವೇ ಹಣ ಹಿಂದಿರುಗಿಸಬೇಕು ಎಂದು ಮಾರ್ಟಿನ್ ಪಟ್ಟುಹಿಡಿದ. ಅದಾದ ಆರು ದಿನಗಳಿಗೆ, ಅಕ್ಟೋಬರ್ 26ರ ಸಂಜೆ, ಆರ್ಮ್‌ಸ್ಟ್ರಾಂಗ್ ಅವನನ್ನು ಕ್ಯೂಸಪ್ಪಿನ ತನ್ನ ಮನೆಗೆ ಚಹಕ್ಕೆ ಕರೆದ. ಸ್ಕೋನ್ ಎಂಬ ಮೆದುರೊಟ್ಟಿಗೆ ಬೆಣ್ಣೆ ಹಚ್ಚಿ ಇಟ್ಟಿದ್ದರು. ಆತಿಥೇಯನು ತಟ್ಟೆಯನ್ನು ಮುಂದಕ್ಕೆ ಸರಿಸುವ ಬದಲು ಒಂದು ಸ್ಕೋನನ್ನು ತಾನೇ ಕೈಯಲ್ಲೆತ್ತಿ, ಬೆರಳು ತಾಗಿದ್ದಕ್ಕೆ ಕ್ಷಮಿಸಬೇಕು ಎಂಬರ್ಥದ ಮಾತು ಹೇಳಿ ಅತಿಥಿಗೆ ಕೊಟ್ಟನಂತೆ. ವಿಷವಿಕ್ಕುವಾಗಲೂ ಬೆರಳಿನ ಮಡಿಯನ್ನು ಮರೆಯದ ಈ ನಡತೆಯನ್ನು ಇಂಗ್ಲಿಷರು ಇಂದಿಗೂ ನೆನೆದು ನಗುತ್ತಾರೆ. ಮಾರ್ಟಿನ್ ಆ ರಾತ್ರಿಯೆಲ್ಲ ವಾಂತಿಯಿಂದ ನರಳಿದ.

ಅಳಿಯನ ಲಕ್ಷಣಗಳನ್ನು ಕಂಡ ಡೇವಿಸನಿಗೆ ತನ್ನ ಅಂಗಡಿಯ ಲೆಕ್ಕ ನೆನಪಿಗೆ ಬಂತು. ಕಳೆ ಕೊಲ್ಲುವುದಕ್ಕೆಂದು ಮೇಜರನು ತನ್ನಲ್ಲಿಂದಲೇ ಆರ್ಸೆನಿಕ್, ಎಂದರೆ ನಮ್ಮ ಹಿರಿಯರು ಇಲಿಗಳಿಗೆ ಇಡುತ್ತಿದ್ದ ಪಾಷಾಣ, ಕೊಂಡೊಯ್ದಿದ್ದನಲ್ಲ! ಜತೆಗೆ ಸೆಪ್ಟೆಂಬರಿನಲ್ಲಿ ಮಾರ್ಟಿನ್ ದಂಪತಿಗಳಿಗೆ ಕಳುಹಿಸಿದವರ ಹೆಸರಿಲ್ಲದ ಚಾಕೊಲೇಟಿನ ಪೆಟ್ಟಿಗೆಯೊಂದು ಅಂಚೆಯಲ್ಲಿ ಬಂದಿತ್ತು. ಅದರಿಂದ ತಿಂದ ನೆಂಟರ ಹೆಂಗಸೊಬ್ಬಳು ಕಾಯಿಲೆ ಬಿದ್ದಿದ್ದಳು. ಉಳಿದ ಚಾಕೊಲೇಟುಗಳನ್ನು ತೆಗೆದು ನೋಡಿದರೆ ಕೆಲವಕ್ಕೆ ತಳದಲ್ಲಿ ಸಣ್ಣ ತೂತು. ಡಾಕ್ಟರ್ ಹಿಂಕ್ಸ್ ಅವನ್ನೂ ಮಾರ್ಟಿನನ ಮೂತ್ರವನ್ನೂ ಲಂಡನ್ನಿಗೆ ಪರೀಕ್ಷೆಗೆ ಕಳುಹಿಸಿದರು. ಎರಡರಲ್ಲೂ ಪಾಷಾಣವಿತ್ತು.

ಈ ಕಥೆಯ ನಿಜವಾದ ಹಾಸ್ಯ ಪ್ರಾರಂಭವಾಗುವುದು ಇಲ್ಲಿಂದ. ಪೊಲೀಸರು ಗುಟ್ಟಾಗಿ ತನಿಖೆ ನಡೆಸತೊಡಗಿದರು. ಲಂಡನ್ನಿನಿಂದ ಬಂದ ಅಧಿಕಾರಿಗಳು ಸಾಕ್ಷಿ ಕೂಡಿಸುವ ತನಕ ಮೇಜರನಿಗೆ ಸುಳಿವು ಹತ್ತಬಾರದೆಂದು ಮಾರ್ಟಿನನಿಗೆ ಕಟ್ಟಪ್ಪಣೆ ಮಾಡಿದರು. ಆದರೆ ಮೇಜರನು ಮತ್ತೆ ಮತ್ತೆ ಚಹಕ್ಕೆ ಕರೆಯುತ್ತಿದ್ದ! ಇವತ್ತು ಬರಲಾಗದಿದ್ದರೆ ನಾಳೆ ಬನ್ನಿ, ಮನೆಗೆ ಬರಲಾಗದಿದ್ದರೆ ಕಚೇರಿಗಾದರೂ ಬನ್ನಿ. ಕಿಟಕಿಯಿಂದ ಕಿಟಕಿಗೆ ಕಾಣುವಷ್ಟು ಹತ್ತಿರದ ಕಚೇರಿಗಳು; ಊರಿನಲ್ಲಿಲ್ಲವೆಂದು ಹೇಳುವ ಹಾಗೂ ಇಲ್ಲ. ಸಂಜೆಯಾದರೆ ಸಾಕು, ಮಾರ್ಟಿನನಿಗೆ ಹೊಸದೊಂದು ನೆಪ ಹುಡುಕುವ ಕಷ್ಟ. ನೆಪಗಳು ತೀರಿದಾಗ ತನ್ನ ಕಚೇರಿಗೇ ಚಹ ತರಿಸಿಕೊಂಡು ಕುಡಿಯತೊಡಗಿದ, ಆಗಲೇ ಕುಡಿದಾಯಿತು ಎನ್ನಲು ಅನುಕೂಲವಾಗಲೆಂದು. ಮೇಜರನಾದರೋ ತನ್ನ ಆತಿಥ್ಯ ಹೀಗೆ ತಿರಸ್ಕೃತವಾಗುತ್ತಿದೆಯಲ್ಲ ಎಂದು ನೊಂದವನಂತೆ ವರ್ತಿಸುತ್ತಿದ್ದ. ಡಿಸೆಂಬರ್ ತಿಂಗಳೆಲ್ಲ ಇದೇ ನಾಟಕ. ಸಣ್ಣ ಊರಿನಲ್ಲಿ ಬಾಳಿದವರಿಗೆ ಮಾತ್ರ ಈ ಸಂಕಟದ ಆಳ ಅರ್ಥವಾದೀತು. ನಮ್ಮಲ್ಲಿಯೂ ಅಷ್ಟೇ: ಜಗಲಿಗೆ ಬಂದವರು ಬೆಲ್ಲ-ನೀರನ್ನು ಮುಟ್ಟದೆ ಎದ್ದುಹೋದರೆ ಮೂರು ತಲೆಮಾರಿನ ಲೆಕ್ಕ ತೆಗೆಯುತ್ತಾರೆ. ಮಹಾನಗರದಲ್ಲಾಗಿದ್ದರೆ ಮಾರ್ಟಿನ್ ಬಾಗಿಲು ಹಾಕಿಕೊಂಡು ಸುಮ್ಮನಿರಬಹುದಾಗಿತ್ತು. ಇಲ್ಲಿ ತನ್ನನ್ನು ಕೊಲ್ಲಲು ನೋಡಿದವನೆಂದು ತಾನು ನಂಬಿದ ಮನುಷ್ಯನಿಗೆ ಪ್ರತಿದಿನ ಬೀದಿಯಲ್ಲಿ ಟೋಪಿ ಎತ್ತಿ ನಮಸ್ಕರಿಸಬೇಕಾಗಿತ್ತು.

1921ರ ಡಿಸೆಂಬರ್ 31ರಂದು ಪೊಲೀಸರು ಮೇಜರನನ್ನು ಅವನ ಕಚೇರಿಯಲ್ಲೇ ಬಂಧಿಸಿದರು. ಅವನ ಜೇಬಿನಲ್ಲಿ ಪಾಷಾಣದ ಒಂದು ಸಣ್ಣ ಪೊಟ್ಟಣವಿತ್ತು, ಒಬ್ಬ ಮನುಷ್ಯನಿಗೆ ಸಾಕಾಗುವಷ್ಟು. ಅವನನ್ನು ತಂದು ನಿಲ್ಲಿಸಿದ್ದು ತಾನೇ ಕ್ಲಾರ್ಕಾಗಿದ್ದ ನ್ಯಾಯಪೀಠದ ಮುಂದೆ. ಅವನ ಕುರ್ಚಿಯಲ್ಲಿ ಅಂದು ಬೇರೊಬ್ಬರು ಕುಳಿತಿದ್ದರು.

ಇಷ್ಟರವರೆಗೆ ಯಾರೂ ಸತ್ತಿಲ್ಲವೆಂದು ವಾಚಕರು ಭಾವಿಸಿರಬಹುದು. ಸತ್ತಿದ್ದರು. ಮೇಜರನ ಪತ್ನಿ ಕ್ಯಾಥರಿನ್ ಅದೇ ವರ್ಷದ ಫೆಬ್ರವರಿ 22ರಂದು ತೀರಿಕೊಂಡಿದ್ದಳು. ಹಿಂದಿನ ವರ್ಷ ಬುದ್ಧಿಭ್ರಮಣೆಯಾಗಿ ಗ್ಲಾಸ್ಟರಿನ ಮಾನಸಿಕ ಚಿಕಿತ್ಸಾಲಯದಲ್ಲಿದ್ದು, ಜನವರಿಯಲ್ಲಿ ಮನೆಗೆ ಮರಳಿ, ಒಂದೇ ತಿಂಗಳಿಗೆ ಹೊಟ್ಟೆಯ ಕಾಯಿಲೆಯಿಂದ ಸತ್ತಳೆಂದು ಡಾಕ್ಟರ್ ಹಿಂಕ್ಸರೇ ಮರಣಪತ್ರ ಬರೆದಿದ್ದರು. ಆಸ್ತಿಯೆಲ್ಲವನ್ನೂ ಗಂಡನಿಗೆ ಬಿಟ್ಟ ಹೊಸ ಉಯಿಲು ಆ ಬಳಿಕ ಹೊರಬಿದ್ದಿತ್ತು. ಅದು ಅವನ ಕೈಬರಹದಲ್ಲೇ ಇತ್ತು. ಮಾರ್ಟಿನನ ಪರೀಕ್ಷೆಯ ಫಲಿತಾಂಶ ಬಂದಾಗಲೇ ಡಾಕ್ಟರಿಗೆ ಆ ಹಳೆಯ ಲಕ್ಷಣಗಳು ಚುಚ್ಚತೊಡಗಿದ್ದು. 1922ರ ಜನವರಿಯ ಆರಂಭದಲ್ಲಿ ಕ್ಯೂಸಪ್ಪಿನ ಗೋರಿಯನ್ನು ಅಗೆದು ಶವವನ್ನು ಹೊರತೆಗೆದರು. ಪ್ರಸಿದ್ಧ ತಜ್ಞ ಬರ್ನಾರ್ಡ್ ಸ್ಪಿಲ್ಸ್‌ಬರಿ ಪರೀಕ್ಷಿಸಿದರು. ಹತ್ತು ತಿಂಗಳ ನಂತರವೂ ದೇಹದಲ್ಲಿ ಪಾಷಾಣ ಹೇರಳವಾಗಿತ್ತು. ಆ ಒಂದು ಸ್ಕೋನ್ ಇಲ್ಲದಿದ್ದರೆ ಕ್ಯಾಥರಿನಳ ಮರಣಪತ್ರವನ್ನು ಯಾರೂ ಮತ್ತೊಮ್ಮೆ ಓದುತ್ತಿರಲಿಲ್ಲ.

ಮನೆಯಿದ್ದುದು ಹಳ್ಳದ ಆಚೆ, ಇಂಗ್ಲೆಂಡಿನ ಹೆರೆಫರ್ಡ್ ಜಿಲ್ಲೆಯಲ್ಲಿ. ಆದುದರಿಂದ ಕೊಲೆಯ ವಿಚಾರಣೆ ಸುಮಾರು 20 ಮೈಲಿ ದೂರದ ಹೆರೆಫರ್ಡಿನಲ್ಲಿ ನಡೆಯಿತು. 1922ರ ಏಪ್ರಿಲ್ 3ರಿಂದ 13ರವರೆಗಿನ ಆ ವಿಚಾರಣೆಯ ನಾಯಕನೆಂದರೆ ಡ್ಯಾಂಡಿಲಯನ್ ಎಂಬ ಹಳದಿ ಹೂವಿನ ಕಳೆಗಿಡ. ಪಾಷಾಣವನ್ನು ಇಪ್ಪತ್ತು ಪೊಟ್ಟಣ ಮಾಡಿದೆ. ಹತ್ತೊಂಬತ್ತನ್ನು ಹತ್ತೊಂಬತ್ತು ಕಳೆಗಳ ಬುಡಕ್ಕೆ ಹಾಕಿದೆ. ಮಿಕ್ಕ ಒಂದು ಜೇಬಿನಲ್ಲಿ ಮರೆತುಹೋಯಿತು: ಇದು ಮೇಜರನ ಹೇಳಿಕೆ. ಸಾಕ್ಷಿಕಟ್ಟೆಯಲ್ಲಿ ಅವನು ಅಳುಕದೆ ಉತ್ತರಿಸಿದ. ಎಲ್ಲ ಮುಗಿಯಿತೆನ್ನುವಾಗ ನ್ಯಾಯಾಧೀಶ ಡಾರ್ಲಿಂಗ್ ತಾವೇ ಪ್ರಶ್ನಿಸಲು ತೊಡಗಿದರು. ತೋಟಕ್ಕೆ ಹಾಕುವ ವಿಷವನ್ನು ಒಂದೇ ಪೊಟ್ಟಣದಲ್ಲಿ ಕೊಂಡೊಯ್ದು ಸುರಿಯಬಹುದಾಗಿದ್ದಾಗ ಔಷಧದ ಪುಡಿಯ ಹಾಗೆ ಇಪ್ಪತ್ತು ಪೊಟ್ಟಣ ಕಟ್ಟುವ ಶ್ರಮವೇಕೆ? ಇದಕ್ಕೆ ವಕೀಲನಾದವನು ಸಮರ್ಪಕವಾದ ಉತ್ತರ ಕೊಡಲಾರದೆ ಹೋದ. ಪಂಚರು ಒಂದು ಗಂಟೆಯನ್ನೂ ತೆಗೆದುಕೊಳ್ಳಲಿಲ್ಲ. ಮೇ 31ರಂದು ಗ್ಲಾಸ್ಟರಿನ ಸೆರೆಮನೆಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಬ್ರಿಟನ್ನಿನಲ್ಲಿ ಕೊಲೆಗಾಗಿ ಗಲ್ಲಿಗೇರಿದ ಏಕೈಕ ವಕೀಲನೆಂಬ ಅಪಕೀರ್ತಿ ಅವನ ಪಾಲಿಗೆ ಉಳಿಯಿತು. ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಮೂವರು ಮಕ್ಕಳು ಉಳಿದರು.

ಅನುಮಾನಗಳೂ ಉಳಿದಿವೆ. ಮೇಜರನ ಕಚೇರಿಯಲ್ಲೇ ವಕೀಲಿ ನಡೆಸಿ, ಅವನ ಮನೆಯಲ್ಲೇ ವಾಸಿಸಿದ ಮಾರ್ಟಿನ್ ಬೀಲ್ಸ್ ಎಂಬ ಮತ್ತೊಬ್ಬ ವಕೀಲರು 1995ರಲ್ಲಿ ಪುಸ್ತಕವೊಂದನ್ನು ಬರೆದು, ಆರ್ಮ್‌ಸ್ಟ್ರಾಂಗ್ ನಿರಪರಾಧಿಯೆಂದು ವಾದಿಸಿದರು. ಎದುರಾಳಿ ವಕೀಲನೂ ಪಾಷಾಣ ಮಾರುವವನೂ ಮಾವ-ಅಳಿಯಂದಿರಾಗಿದ್ದುದನ್ನು ಮರೆಯಬಾರದು ಎಂಬುದು ಆ ವಾದದ ತಿರುಳು. ಹೆಂಡತಿಯ ಕೊಲೆಯ ವಿಚಾರಣೆಯಲ್ಲಿ ಮಾರ್ಟಿನನ ಸ್ಕೋನಿನ ಸಂಗತಿಯನ್ನು ಪಂಚರ ಕಿವಿಗೆ ಹಾಕಿದ್ದು ನ್ಯಾಯವೇ ಎಂಬ ಪ್ರಶ್ನೆ ಅಂದೂ ಎದ್ದಿತ್ತು. ಮೇಲ್ಮನವಿಯಲ್ಲಿ ಅದು ನಿಲ್ಲಲಿಲ್ಲ. ನನಗಾದರೋ ಜೇಬಿನ ಪೊಟ್ಟಣವನ್ನು ದಾಟಿ ಆಚೆಗೆ ಹೋಗಲಾಗುವುದಿಲ್ಲ. ಕಳೆ ಕೀಳುವ ಕಾಲವಲ್ಲದ ಡಿಸೆಂಬರಿನ ಚಳಿಯಲ್ಲಿ ಅದನ್ನು ಹೊತ್ತು ತಿರುಗಿದ್ದೇಕೆ?

ಅಂಗಡಿಯ ಒಡೆಯರು ಈ ವೃತ್ತಾಂತದ ಒಂದೆರಡು ಪುಸ್ತಕಗಳನ್ನು ತೋರಿಸಿದರು. ಪುಟ ತಿರುವುತ್ತ ಹೋದಂತೆ ನನಗೆ ಒಂದು ವಿಷಯ ಇರಿಸುಮುರಿಸಾಯಿತು. ಮೇಜರನ ಮೀಸೆ, ಮಾರ್ಟಿನನ ನೆಪಗಳು, ನ್ಯಾಯಾಧೀಶರ ಚಾತುರ್ಯ, ಎಲ್ಲಕ್ಕೂ ಪುಟಗಟ್ಟಲೆ ಜಾಗವಿದೆ. ಕ್ಯಾಥರಿನಳ ಬಗ್ಗೆ ಇರುವುದು ಗಂಡನನ್ನು ಅಂಕೆಯಲ್ಲಿಟ್ಟ ಗಯ್ಯಾಳಿಯೆಂಬ ಚಿತ್ರ: ಮನೆಯಲ್ಲಿ ಮದ್ಯ ಸೇದುಬತ್ತಿಗಳಿಗೆ ತಡೆ ಹಾಕಿದಳು, ಸ್ನಾನದ ದಿನವೆಂದು ಟೆನಿಸ್ ಆಟದ ನಡುವೆ ಎಲ್ಲರೆದುರಿಗೆ ಗಂಡನನ್ನು ಎಬ್ಬಿಸಿಕೊಂಡು ಹೋದಳು, ಇತ್ಯಾದಿ. ಗಲ್ಲಿಗೇರಿದವನ ಬಗ್ಗೆ ಓದುಗನಿಗೆ ಒಂದಿಷ್ಟು ಅನುಕಂಪ ಹುಟ್ಟಿಸಲು ಸತ್ತವಳನ್ನು ಹೀಗೆ ಬಳಸಿಕೊಂಡಿದ್ದಾರೆ. ಬುದ್ಧಿ ಕದಡಿ, ಸ್ವಸ್ಥಳಾದೆನೆಂದು ನಂಬಿ ಮಕ್ಕಳ ಬಳಿಗೆ ಮರಳಿದ ಹೆಂಗಸು ಕೈಕಾಲು ಸ್ವಾಧೀನ ತಪ್ಪಿ ಹಾಸಿಗೆ ಹಿಡಿದು ಸತ್ತದ್ದರಲ್ಲಿ ನಗುವಂಥದ್ದು ಯಾವುದೂ ಇಲ್ಲ. ಪುಸ್ತಕವನ್ನು ಕಪಾಟಿನಲ್ಲೇ ಇರಿಸಿ, “ನಡೆ, ಹಳ್ಳ ದಾಟಿ ಬರೋಣ” ಎಂದೆ.

ಪೇಟೆಯಿಂದ ಕ್ಯೂಸಪ್ಪಿನ ಚರ್ಚಿಗೆ ಕಾಲ್ನಡಿಗೆಯ ದಾರಿ. ಮೇಜರನು ಮನೆಯಿಂದ ಕಚೇರಿಗೆ ಬರುತ್ತಿದ್ದದ್ದೂ ಈ ಕಡೆಯಿಂದಲೇ. ಅವನಿದ್ದ ಮನೆಯಲ್ಲಿ ಈಗ ಬೇರೆ ಸಂಸಾರ. ಪರರ ಬೇಲಿಯಲ್ಲಿ ಇಣುಕುವುದು ಸಭ್ಯವಲ್ಲವೆಂದು ನಾವು ಅತ್ತ ತಿರುಗಲಿಲ್ಲ. ಸೇಂಟ್ ಮೇರಿ ಚರ್ಚು ಚಿಕ್ಕದು, ಕಲ್ಲಿನದು. ಅಂಗಳದಲ್ಲಿ ಬಹು ಪುರಾತನವಾದ ಯೂ ಮರಗಳಿವೆ. ಕಾಂಡಗಳು ಟೊಳ್ಳಾಗಿ, ಹುಣಿಸೆಯ ಮುದಿಮರಗಳಂತೆ ಸೊಟ್ಟಗೆ ನಿಂತಿವೆ. ಕ್ಯಾಥರಿನಳನ್ನು ಎರಡು ಬಾರಿ ಹೂಳಿದ ನೆಲ ಇದು. ಗೋರಿಗಳ ನಡುವೆ ನಾವು ಸುಮಾರು ಹೊತ್ತು ನಡೆದಾಡಿದೆವು. ಒಬ್ಬ ಮುದುಕರು ಹುಲ್ಲು ಕತ್ತರಿಸುತ್ತಿದ್ದವರು ತಲೆಯೆತ್ತಿ ನೋಡಿ, ನಾವು ಹುಡುಕುತ್ತಿರುವುದು ಏನೆಂದು ಊಹಿಸಿದವರಂತೆ ಮತ್ತೆ ಕೆಲಸಕ್ಕೆ ಬಾಗಿದರು. ಏಪ್ರಿಲ್ ಮುಗಿಯುತ್ತಿತ್ತು. ಕಲ್ಲುಗಳ ಸುತ್ತ, ದಾರಿಯ ಎರಡೂ ಬದಿಗೆ, ಹಳ್ಳದ ಸೇತುವೆಯವರೆಗೂ ಡ್ಯಾಂಡಿಲಯನ್ ಹಳದಿಯಾಗಿ ಹರಡಿತ್ತು.