ಹಲಗೆಯ ಮೇಲೊಂದು ಕ್ಯಾಸಲ್‌ರಾಕ್

ಮಾದರಿ ರೈಲನ್ನು ಕೊಂಡು ತರುವುದು ಸುಲಭ. ಅದಕ್ಕೊಂದು ಊರು ಕಟ್ಟಿಕೊಡುವುದು ಕಷ್ಟ. ಹಳಿಗೆ ತಿರುವು ಬೇಕು, ತಿರುವಿಗೆ ಜಾಗ ಬೇಕು. ಪುಣೆಯ ಫ್ಲ್ಯಾಟಿನಲ್ಲಿ ಜಾಗ ಎಷ್ಟಿದ್ದೀತೆಂಬುದು ಓದುಗರಿಗೆ ತಿಳಿಯದ ಸಂಗತಿಯೇನಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ರೈಲಿಗೂ ಸಲ್ಲುತ್ತದೆ.

ಮೊಮ್ಮಗನೂ ನಾನೂ ಆರಿಸಿಕೊಂಡ ಊರು ಉತ್ತರ ಕನ್ನಡದ ಕ್ಯಾಸಲ್‌ರಾಕ್. ನಮ್ಮ ತಂದೆಯವರು ಅಲ್ಲಿ ರೈಲ್ವೆ ನೌಕರಿಯಲ್ಲಿದ್ದರು. 1961ರಲ್ಲಿ ಗೋವಾ ವಿಮೋಚನೆಯಾಗುವವರೆಗೆ ಅದು ಗಡಿಯ ನಿಲ್ದಾಣ. ನಾನಾಗ ಒಂಬತ್ತು ವರ್ಷದ ಹುಡುಗ. ಅಲ್ಲಿಂದ ಕುಳೆಂ ಕಡೆಗೆ ಇಳಿಯುವ ಘಟ್ಟದಲ್ಲಿ 37 ಅಡಿ ಮುಂದೆ ಸಾಗಿದರೆ ಒಂದಡಿ ಇಳಿತ.

ನಾವು ಹಿಡಿದ ಪ್ರಮಾಣ 87ಕ್ಕೆ ಒಂದು. ಇದನ್ನು ಎಚ್‌ಓ ಎನ್ನುತ್ತಾರೆ. ಈ ಲೆಕ್ಕದಲ್ಲಿ ಒಂದು ಕಿಲೋಮೀಟರೆಂದರೆ ಹನ್ನೊಂದೂವರೆ ಮೀಟರು. ಇಂದಿನ ಬೋಗಿಯೊಂದು ಸುಮಾರು 25 ಸೆಂಟಿಮೀಟರಾಗುತ್ತದೆ. ಇಪ್ಪತ್ತು ಬೋಗಿ ಕಟ್ಟಿದರೆ ಎಂಜಿನ್ನು ಅಡುಗೆಮನೆಯಲ್ಲಿ, ಗಾರ್ಡು ಬಾಲ್ಕನಿಯಲ್ಲಿ! ಮೀಟರ್‌ಗೇಜಿನ ಬಿಗಿಯಾದ ತಿರುವಿನ ತ್ರಿಜ್ಯವೂ ನಮ್ಮಲ್ಲಿ ಸಾಮಾನ್ಯವಾಗಿ 100 ಮೀಟರಿಗೆ ಮೇಲೆ. ಅದನ್ನು ಕುಗ್ಗಿಸಿದರೂ ಒಂದು ಸುತ್ತಿಗೆ ಎರಡು ಮೀಟರಿಗಿಂತ ಹೆಚ್ಚು ಅಗಲ ಬೇಕು. ನಮ್ಮದು 8 ಅಡಿಗೆ 4 ಅಡಿಯ ಪ್ಲೈವುಡ್ ಹಲಗೆ. ಆದ್ದರಿಂದ 22 ಅಂಗುಲದ ತ್ರಿಜ್ಯ, ಮೂರು ಗಿಡ್ಡ ಬೋಗಿ ಎಂದು ರಾಜಿಯಾಯಿತು. ಹಲಗೆಯನ್ನು ಗೋಡೆಗೆ ತಾಗಿಸಿ ಇಡಲಿಲ್ಲ. ಏಕೆಂದರೆ ರೈಲು ಹಳಿ ತಪ್ಪುವುದು ಯಾವಾಗಲೂ ಕೈಗೆಟುಕದ ಮೂಲೆಯಲ್ಲಿಯೇ.

ಒಂದು ಹಳಿಯ ಮೇಲೆ ಇನ್ನೊಂದು ಹಾಯಬೇಕಾದರೆ ಮೂರಂಗುಲವಾದರೂ ಎತ್ತರ ಬೇಕು. ಘಟ್ಟದ ಏರಿನಲ್ಲೇ ಹತ್ತಿಸಿದರೆ ಅದಕ್ಕೆ ಒಂಬತ್ತಡಿಗೂ ಮಿಕ್ಕ ಓಟ, ಹಲಗೆಯೇ ಎಂಟಡಿ! ಸುರಂಗದ ಬಾಯಿಯೊಂದನ್ನು ಉಳಿಸಿಕೊಂಡು ಘಟ್ಟವನ್ನು ಕೈಬಿಟ್ಟೆವು.

ಇನ್ನು ಕಟ್ಟಡಗಳು. ಅವನ್ನು ಅಂಟಿಸುವ ಮೊದಲು ರಟ್ಟಿನ ತುಂಡುಗಳನ್ನು ಅಳತೆಗೆ ಕತ್ತರಿಸಿ, ಹಲಗೆಯ ಮೇಲೆ ಅತ್ತಿತ್ತ ಸರಿಸಿ ನೋಡಬೇಕು. ಹತ್ತಡಿಯ ಕೋಣೆ ಮೂರೂವರೆ ಸೆಂಟಿಮೀಟರು. ಸ್ಟೇಶನ್, ನೀರಿನ ಟಾಕಿ, ಗೂಡ್ಸ್ ಶೆಡ್ಡು ಇಟ್ಟಾಯಿತು. ಆಗ ಹುಡುಗ ಕೇಳಿದ: "ಅಜ್ಜಾ, ನಿಮ್ಮ ಮನಿ ಎಲ್ಲಿತ್ತು?"

ನಾವಿದ್ದ ಕ್ವಾರ್ಟರ್ಸು ಈಗಿಲ್ಲ. ಅದರ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಧಾರವಾಡದಲ್ಲಿರುವ ಅಕ್ಕನಿಗೆ ಫೋನು ಮಾಡಿದೆ. ಅವಳಿಗೀಗ ಎಂಬತ್ತು. "ಮನಿ ಮುಂದ ಹಲಸಿನ ಗಿಡ ಇತ್ತಲ್ಲೋ, ಅವ್ವ ಅದರ ಬುಡಕ್ಕ ಕೂತು ಅಕ್ಕಿ ಆರಸ್ತಿದ್ಲು" ಎಂದಳು. ನನಗೆ ಗಿಡದ ನೆನಪಿಲ್ಲ; ಅವ್ವನ ಮೊರದ ಸದ್ದಿನ ನೆನಪಿದೆ. ನಮ್ಮಿಬ್ಬರನ್ನು ಬಿಟ್ಟರೆ ಆ ಮನೆಯನ್ನು ಬಲ್ಲವರು ಯಾರೂ ಉಳಿದಿಲ್ಲ.

ಮನೆಗೂ ಗಿಡಕ್ಕೂ ಜಾಗ ಮಾಡಬೇಕಾದರೆ ಗೂಡ್ಸ್ ಶೆಡ್ಡೂ ಅದರ ಪಕ್ಕದ ಹಳಿಯೂ ಹೋಗಬೇಕು. ವ್ಯಾಗನ್ನುಗಳನ್ನು ಹಿಂದೆ ಮುಂದೆ ದೂಡಿ ಆಡುವ ಮೋಜೆಲ್ಲ ಆ ಹಳಿಯಲ್ಲಿಯೇ. ನಾನು ಸುಮ್ಮನಿದ್ದೆ. ಹುಡುಗ ತುಸು ಹೊತ್ತು ನೋಡಿ, ಶೆಡ್ಡಿನ ರಟ್ಟನ್ನು ತಾನೇ ಎತ್ತಿಟ್ಟ. "ಗೋದಾಮು ಎಲ್ಲಾ ಸ್ಟೇಶನ್‌ದಾಗೂ ಇರ್ತದ" ಎಂದ.

ಮನೆಯ ಬಾಗಿಲು ಯಾವ ದಿಕ್ಕಿಗಿತ್ತೆಂದು ಅಕ್ಕನನ್ನು ಇನ್ನೂ ಕೇಳಬೇಕಾಗಿದೆ; ನಾಳೆಯೇ ಕೇಳುತ್ತೇನೆ. ಓದುಗರಲ್ಲಿ ಯಾರಾದರೂ ಇಂತಹ ಹಲಗೆ ಹೂಡುವವರಿದ್ದರೆ, ಹಳಿಯನ್ನು ಕೊಳ್ಳುವ ಮೊದಲು ಮನೆಯ ಹಿರಿಯರ ಮುಂದೆ ಒಂದು ಕಾಗದ, ಪೆನ್ಸಿಲು ಇಡಿರಿ. ಹಳಿ ಅಂಗಡಿಯಲ್ಲಿ ಎಂದಾದರೂ ಸಿಕ್ಕೀತು.